ಜೋಡಿ ನೋಟದ ಪ್ರಕರಣ

ಆ ದ್ವೀಪದ ನಿಸರ್ಗ ಸೌಂದರ್ಯವು ನೋಡುವವರ ಕಣ್ಣು ತಾಗಿ ತಾಗಿ ಶೇಕಡಾ ಏಳರಷ್ಟು ಸವೆದುಹೋಗಿದೆ ಎಂದು ತಜ್ಞರ ಸಮಿತಿ ವರದಿ ಕೊಟ್ಟ ದಿನದಿಂದ, ಅಲ್ಲಿ ಒಂದು ದಾಂಪತ್ಯಕ್ಕೆ ಒಂದೇ ಜೊತೆ ಕಣ್ಣು ಎಂಬ ನಿಯಮ ಜಾರಿಯಲ್ಲಿದೆ. ಸಮಿತಿಯವರು ಈ ತೀರ್ಮಾನಕ್ಕೆ ಸುಮ್ಮನೆ ಬಂದವರಲ್ಲ. ಮೂರು ವರ್ಷ ಕಾಲ ಮನೆಮಂದಿಯನ್ನೆಲ್ಲ ಕರೆತಂದು, ಕೊಲ್ಲಿಗೆ ಮುಖ ಮಾಡಿದ ಕೋಣೆಗಳಲ್ಲಿ ಉಳಿದು, ಬೆಳಿಗ್ಗೆ ಕಾಫಿಯ ಹೊತ್ತಿಗೊಮ್ಮೆ, ಸಂಜೆ ಈಜಿ ಬಂದ ಮೇಲೊಮ್ಮೆ ಖುದ್ದಾಗಿ ನೋಡಿ, ಮೊದಲ ವರ್ಷ ಇದ್ದಷ್ಟು ಸೊಗಸು ಮೂರನೆಯ ವರ್ಷ ಕಾಣಲಿಲ್ಲವೆಂದು ಒಮ್ಮತದಿಂದ ದಾಖಲಿಸಿದ್ದರು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಒಂದೇ ಜಾಗವನ್ನು ನೋಡುವ ದುಂದುಗಾರಿಕೆಯನ್ನು ಪ್ರವಾಸ ಇಲಾಖೆ ನಿಲ್ಲಿಸಿತು. ಒಬ್ಬರು ನೋಡುವುದು, ಇನ್ನೊಬ್ಬರು ಪಕ್ಕದ ಕಾಣದವರ ಕೊಠಡಿಯಲ್ಲಿ ಕೂತಿರುವುದು. ನೋಡಿದವರು ಬಂದು ನೋಡದವರಿಗೆ ಬಾಯಿಮಾತಿನಲ್ಲಿ ವಿವರಿಸುವುದು, ಕೇಳಿದವರು ‘ಕಂಡಂತಾಯಿತು’ ಎಂದು ರುಜು ಹಾಕುವುದು. ಇದರಿಂದ ಯಾರಿಗೂ ತೊಂದರೆಯಾದ ಬಗ್ಗೆ ದಾಖಲೆಯಿಲ್ಲ.

ಯೂನಿಫಾರ್ಮಮ್ಮ ಗಂಡನ ಜೊತೆ ಆ ದ್ವೀಪಕ್ಕೆ ಬಂದಿಳಿದಾಗ ನಿಯಮಕ್ಕೆ ಎರಡು ವರ್ಷ ತುಂಬಿತ್ತು.

ಯೂನಿಫಾರ್ಮಮ್ಮ ಎಂಬುದು ಅವಳ ಓಣಿಯವರು ಇಟ್ಟ ಹೆಸರು. ಇಪ್ಪತ್ತಾರು ವರ್ಷಗಳಿಂದ ಆಕೆ ಮೂರು ಶಾಲೆಗಳ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಮೂರೂ ಶಾಲೆಯವರದು ಕಡುನೀಲಿ ಲಂಗ, ಕಡುನೀಲಿ ಚಡ್ಡಿ, ಬಿಳಿ ಅಂಗಿ. ಹೊಲಿಗೆ ಮಷೀನು ಇದ್ದದ್ದು ಕಿಟಕಿಯ ಪಕ್ಕದಲ್ಲೇ, ಆದರೆ ಕಿಟಕಿಯ ಆಚೆ ಇದ್ದದ್ದು ಪಕ್ಕದ ಮನೆಯ ಗೋಡೆ, ಅದಕ್ಕೂ ಬಿಳಿ ಸುಣ್ಣ. ಕನಸು ಕೂಡ ಕಡುನೀಲಿಯಲ್ಲೇ ಬೀಳತೊಡಗಿದಾಗ ಆಕೆ ಗಂಡನಿಗೆ ಹೇಳಿದ್ದಳು: “ರೀ, ಒಂದ್ಸಲ ಹಸಿರು ನೋಡ್ಬೇಕು. ಕಣ್ತುಂಬಾ. ಸಾಕಪ್ಪಾ ಸಾಕು ಅನ್ನೋಷ್ಟು.”

ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ. ಊರಲ್ಲಿ ತಕ್ಕಡಿ ಸಾಹೇಬರು ಎಂದೇ ಹೆಸರು. “ರಿಟೈರ್ ಆಗ್ಲಿ ಕಣೇ, ಹೋಗೋಣ” ಎಂದಿದ್ದರು. ಆಡಿದ ಮಾತಿನಲ್ಲಿ ಒಂದು ಗ್ರಾಂ ಕೂಡ ಕಡಿಮೆ ಮಾಡದ ಮನುಷ್ಯ. ರಿಟೈರ್ ಆದ ಎರಡನೆಯ ವಾರ ಇಬ್ಬರೂ ಹಡಗು ಹತ್ತಿದ್ದರು.

ದಕ್ಕೆಯ ಮೇಲೆ ಇಳಿಯುತ್ತಿದ್ದ ಹಾಗೆ ಎರಡೂ ಬದಿಗೆ ತಗಡಿನ ಗೋಡೆ. ಗೋಡೆಯ ಕೊನೆಗೆ ಒಂದು ಕೌಂಟರು.

“ದಂಪತಿಯಾ?” ಎಂದ ಕೌಂಟರಿನವನು.

“ಹೌದು.”

“ಎಷ್ಟು ಕಣ್ಣು?”

ಸಾಹೇಬರು ಲೆಕ್ಕ ತಪ್ಪುವವರಲ್ಲ. “ನಾಲ್ಕು.”

“ಕನ್ನಡಕ ಸೇರಿಸಿ ಹೇಳ್ಬೇಡಿ.”

“ಸೇರಿಸಿಲ್ಲ. ಸೇರಿಸಿದ್ರೆ ಎಂಟು.”

ಕೌಂಟರಿನವನು ‘ಎರಡು ಹೆಚ್ಚುವರಿ’ ಎಂದು ಬರೆದುಕೊಂಡು ಒಂದು ಚೀಟಿ ಹರಿದು ಕೊಟ್ಟ. ದ್ವೀಪದಲ್ಲಿ ನೋಡತಕ್ಕ ಸ್ಥಳಗಳು ಮೂರು. ಜಲಪಾತವನ್ನು ಚೀಟಿಯಲ್ಲಿ ಮೊದಲು ಹೆಸರಿರುವವರು, ಎಂದರೆ ಗಂಡ, ನೋಡತಕ್ಕದ್ದು. ಕಾಡುಬೆಟ್ಟವನ್ನು ಹೆಂಡತಿ. ಕೊಲ್ಲಿಯನ್ನು ಪರಸ್ಪರ ಒಪ್ಪಿಗೆಯ ಮೇರೆಗೆ ಇಬ್ಬರಲ್ಲಿ ಯಾರಾದರೂ ಒಬ್ಬರು.

ಯೂನಿಫಾರ್ಮಮ್ಮ ಚೀಟಿಯನ್ನು ಎರಡು ಸಲ ಓದಿದಳು. “ಅಲ್ಲಪ್ಪಾ, ನಾನು ಇಷ್ಟು ದೂರ ಬಂದಿರೋದೇ ನೋಡೋಕೆ.”

“ನೋಡೋಕೇ ಅಮ್ಮಾ. ಆದ್ರೆ ನೋಟ ಅನ್ನೋದು ಕಣ್ಣಿಂದಲೇ ಆಗ್ಬೇಕು ಅಂತ ಕಾಯ್ದೇಲಿ ಎಲ್ಲೂ ಹೇಳಿಲ್ಲ” ಎಂದು ಕೌಂಟರಿನವನು ಸಮಾಧಾನ ಮಾಡಿದ.

ಬಸ್ಸಿನಲ್ಲಿ ಪರದೆಗಳನ್ನು ಕಿಟಕಿಯ ಚೌಕಟ್ಟಿಗೇ ಹೊಲಿದಿದ್ದರು, ದಾರಿಯುದ್ದಕ್ಕೂ ಅನಧಿಕೃತ ನೋಟ ಸೋರಿಹೋಗದಿರಲೆಂದು. ಯೂನಿಫಾರ್ಮಮ್ಮ ಬೆರಳಿನಿಂದ ಹೊಲಿಗೆ ಮುಟ್ಟಿ ನೋಡಿದಳು. “ಕಚ್ಚಾ ಹೊಲಿಗೆ. ಗುತ್ತಿಗೆ ಕೆಲಸ” ಎಂದು ಗಂಡನ ಕಿವಿಯಲ್ಲಿ ಹೇಳಿ, ಕೂದಲಿನ ಪಿನ್ನಿನಿಂದ ಒಂದೇ ಒಂದು ಎಳೆ ಬಿಡಿಸಿದಳು. ಬಟಾಣಿಯಷ್ಟು ತೂತು. ಅದರಾಚೆ ಬಟಾಣಿಯಷ್ಟೇ ಹಸಿರು ಓಡುತ್ತಿತ್ತು. ಆಕೆ ತೂತಿಗೆ ಕಣ್ಣು ಹಚ್ಚಿದಳು. ಆಮೇಲೆ ಬಸ್ಸು ನಿಂತಿತು.

ಸಾಹೇಬರು ಜಲಪಾತದ ಗೇಟಿನ ಕಡೆ ಹೋದರು, ಆಕೆ ಕಾಣದವರ ಕೊಠಡಿಗೆ. ಉದ್ದನೆಯ ಕೋಣೆ, ಗೋಡೆಗುಂಟ ಬೆಂಚು. ಕಿಟಕಿಯ ಗಾಜುಗಳಿಗೆ ಸುಣ್ಣ ಬಳಿದಿತ್ತು. ಗೋಡೆಯ ಮೇಲೆ ಬೇರೆ ಯಾವುದೋ ದೇಶದ ಹಿಮಪರ್ವತದ ಕ್ಯಾಲೆಂಡರು. ಐವತ್ತು ಹೆಜ್ಜೆ ಆಚೆ ನೀರು ಭೋರ್ಗರೆಯುವುದು ಕೇಳುತ್ತಿತ್ತು. ಕೇಳುವುದರಿಂದಲೂ ಸವೆಯುತ್ತದೆಯೇ ಎಂಬ ಪ್ರಶ್ನೆ ಬೇರೊಂದು ಸಮಿತಿಯ ಮುಂದಿತ್ತು. ಬಾಗಿಲ ಬಳಿಯ ಮೇಜಿನ ಹಿಂದೆ ರುಜು ಗುಮಾಸ್ತ ಕೂತಿದ್ದ. ಸಣಕಲು ಮನುಷ್ಯ, ಮುಂದೆ ದೊಡ್ಡ ರಿಜಿಸ್ಟರು.

“ನೀವು ನೋಡಿದ್ದೀರಾ ಅದನ್ನ?” ಎಂದು ಆಕೆ ಕೇಳಿದಳು.

“ನಾನಾ? ನನ್ನದು ಒಂಬತ್ತು ವರ್ಷ ಸರ್ವಿಸು ಅಮ್ಮಾ. ನಿಯಮ ಬರೋಕೆ ಮುಂಚೆ ಪುರುಸೊತ್ತಿರ್ಲಿಲ್ಲ. ನಿಯಮ ಬಂದ್ಮೇಲೆ ನಾನು ಪ್ರವಾಸಿ ಅಲ್ಲ.” ಅವನು ಇದನ್ನು ಬೇಸರದಿಂದೇನೂ ಹೇಳಲಿಲ್ಲ. ಮನೆ ವಿಳಾಸ ಹೇಳಿದ ಹಾಗೆ ಹೇಳಿದ.

ಪಕ್ಕದ ಬೆಂಚಿನಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಗಂಡನಿಗಾಗಿ ಕಾಯುತ್ತಿದ್ದಳು. ಅವನು ಒದ್ದೆ ಕೂದಲಲ್ಲಿ ನಗುತ್ತಾ ಬಂದ.

“ಹೇಗಿತ್ತು?”

“ಚೆನ್ನಾಗಿತ್ತು.”

“ಅಷ್ಟೇನಾ?”

ಅವನು ತುಸು ಯೋಚಿಸಿ, “ತುಂಬಾ ಚೆನ್ನಾಗಿತ್ತು” ಎಂದ. ಹುಡುಗಿ ರುಜು ಹಾಕಿ, ಎದ್ದು, ಬೆಂಚಿನ ಆ ತುದಿಗೆ ಹೋಗಿ ಕೂತಳು.

ಅಷ್ಟರಲ್ಲಿ ತಕ್ಕಡಿ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಹೆಂಡತಿಯ ಮುಂದೆ ನೆಟ್ಟಗೆ ನಿಂತು ವಿವರಿಸಿದರು. “ಎತ್ತರ ನೂರ ಎಪ್ಪತ್ತು ಅಡಿ, ಎರಡು ಅಡಿ ಹೆಚ್ಚು ಕಡಿಮೆ. ಅಗಲ ಮೇಲ್ಗಡೆ ಹನ್ನೆರಡು, ಕೆಳಗಡೆ ಇಪ್ಪತ್ತು. ನೀರು ಮೇಲಿಂದ ಕೆಳಕ್ಕೆ ಬೀಳುತ್ತೆ.”

“ಆಮೇಲೆ?”

“ಆಮೇಲೆ ಹರ್ಕೊಂಡು ಹೋಗುತ್ತೆ.”

ರುಜು ಗುಮಾಸ್ತ ತಲೆಯಾಡಿಸಿದ. ರಿಜಿಸ್ಟರಿನಲ್ಲಿ ‘ಅನುಭವ ಅಪೂರ್ಣ’ ಎಂದು ಬರೆದು, “ಸಾರ್, ಇನ್ನೊಂದ್ಸಲ ನೋಡ್ಕೊಂಡು ಬನ್ನಿ” ಎಂದ. ಸಾಹೇಬರು ಹೋಗಿ ಬಂದು ನೀರು ತಣ್ಣಗಿದೆಯೆಂದು ಸೇರಿಸಿದರು. ಮತ್ತೆ ಕಳಿಸಿದಾಗ, ಒಂದು ಸೆಕೆಂಡಿಗೆ ಅಂದಾಜು ಇನ್ನೂರು ಕೊಡ ಎಂದು ತಿಳಿಸಿದರು. ನಾಲ್ಕನೆಯ ಸಲಕ್ಕೆ ಗೇಟಿನಲ್ಲೇ ತಡೆದರು, ಏಕೆಂದರೆ ಅವರೊಬ್ಬರೇ ಆಗಲೇ ಮೂರು ಸಂಸಾರಗಳಿಗೆ ಆಗುವಷ್ಟು ಜಲಪಾತವನ್ನು ಸವೆಸಿದ್ದರು.

ಇಂಥ ಸಂದರ್ಭಗಳಿಗೆಂದೇ ಇಲಾಖೆಯಲ್ಲಿ ಸಿದ್ಧ ವಿವರಣೆಯ ಮುದ್ರಿತ ಹಾಳೆ ಸಿಗುತ್ತಿತ್ತು. ನಿರ್ದೇಶಕರ ಭಾವಮೈದುನ ಬರೆದದ್ದು. ಸಾಹೇಬರು ಅದನ್ನು ಕೋರ್ಟಿನ ನೋಟೀಸು ಓದುವ ದನಿಯಲ್ಲಿ ಓದಿದರು: “ಎಲೈ ಪ್ರಿಯೆ ಅಥವಾ ಪ್ರಿಯನೇ, ಅನ್ವಯಿಸದ್ದನ್ನು ಹೊಡೆದುಹಾಕಿ, ಹಾಲಿನಂತೆ ಬೆಳ್ಳಗೆ ಧುಮುಕುವ ಜಲಧಾರೆಯನ್ನು ಕಂಡು ನನ್ನ ಮನವು ನವಿಲಿನಂತೆ ಕುಣಿಯಿತು.” ಕೋಣೆಯ ಇನ್ನೂ ಆರು ಕಡೆಗಳಿಂದ ಅದೇ ನವಿಲು ಕುಣಿಯುವುದು ಕೇಳಿಸಿತು. ಯೂನಿಫಾರ್ಮಮ್ಮ ರುಜು ಹಾಕಿದಳು.

ವಸತಿಗೃಹದಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳ ಸಿಟ್ಟು ಹೊರಗೆ ಬಿತ್ತು. “ಮೂರು ಸಲ ನೋಡಿದ್ರಿ. ಮೂರು ಸಲ! ಇನ್ನೂರು ಕೊಡ ಅಂತೆ. ನಾನೇನು ಅಲ್ಲಿ ಪಾತ್ರೆ ತೊಳೆಯೋಕೆ ಹೋಗಿದ್ನಾ? ನೀರು ಬೀಳುವಾಗ ಹೇಗೆ ಕಾಣ್ತಿತ್ತು ಅಂತ ಒಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ ನಿಮಗೆ?”

ಸಾಹೇಬರು ತುತ್ತು ಕೆಳಗಿಟ್ಟರು. “ನಾನು ಸರಿಯಾಗಿ ನೋಡೋಕೇ ಆಗ್ಲಿಲ್ಲ ಕಣೇ. ನೀರು ಕಂಡ ತಕ್ಷಣ ‘ನೋಡಿದ್ಯಾ’ ಅಂತ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ‘ಉಗುಳಬಾರದು’ ಅಂತ ಬೋರ್ಡಿತ್ತು. ಮೂರು ಸಲಾನೂ ಅದೇ ಬೋರ್ಡು.”

ಯೂನಿಫಾರ್ಮಮ್ಮನ ಸಿಟ್ಟು ಎಲ್ಲಿಗೆ ಹೋಯಿತೋ. ಇನ್ನೊಂದು ಸೌಟು ಅನ್ನ ಅವರ ತಟ್ಟೆಗೆ ಹಾಕಿ, “ಊಟ ಮಾಡಿ, ಆರಿ ಹೋಗುತ್ತೆ” ಎಂದಳು.

ಮರುದಿನ ಕಾಡುಬೆಟ್ಟ ಅವಳ ಪಾಲಿಗಿತ್ತು. ಒಬ್ಬಳೇ ಮೆಟ್ಟಿಲು ಹತ್ತಿದಳು. ಕೊಟ್ಟ ಅವಧಿ ಹನ್ನೆರಡು ನಿಮಿಷ. ಕೆಳಗಿಳಿದು ಕಾಣದವರ ಕೊಠಡಿಗೆ ಬಂದಾಗ ಅವಳ ಮುಖ ನೋಡಿಯೇ ಸಾಹೇಬರು ಎದ್ದು ನಿಂತರು.

“ಕೂತ್ಕೊಳ್ರೀ, ಹೇಳ್ತೀನಿ. ಹಸಿರು ಅಂದ್ರೆ ಒಂದು ಬಣ್ಣ ಅಂದ್ಕೊಂಡಿದ್ವಲ್ಲ ನಾವು, ಮೋಸ ಹೋಗಿದ್ವಿ. ಬಟ್ಟೆ ಅಂಗಡಿಯವನು ಗಿರಾಕಿ ಮುಂದೆ ಥಾನು ಥಾನು ಬಿಚ್ಚಿ ಎಸೀತಾನಲ್ಲ, ಸಾಕು ಅಂದ್ರೂ ನಿಲ್ಸಲ್ವಲ್ಲ, ಹಾಗೆ ತುದಿಯಿಂದ ಕೆಳಗಿನ ತನಕ ಬಿಚ್ಚಿ ಎಸೆದಿದೆ. ಹತ್ತಿರದ್ದು ಎಳೇ ಎಲೆ, ಹಸುಗೂಸಿನ ಅಂಗಿಗೆ ತರ್ತೀವಲ್ಲ ಆ ತೆಳ್ಳನೆ ಬಟ್ಟೆ, ಹಿಂದೆ ಬೆರಳಿಟ್ರೆ ಬೆರಳು ಕಾಣುತ್ತೆ. ಅದರಾಚೆ ದಪ್ಪ ಎಲೆ, ಗಂಜಿ ಹಾಕಿ ಇಸ್ತ್ರಿ ತಿಕ್ಕಿದ್ದು. ಗಾಳಿ ಬಂದ್ರೆ ಪಟಪಟ ಅನ್ನುತ್ತೆ. ಇನ್ನೂ ಒಳಗೆ ಹೋದ್ರೆ ಮಕಮಲ್ಲು. ಬೆಳಕು ಒಳಗೆ ಹೋಗುತ್ತೆ, ವಾಪಸ್ ಬರಲ್ಲ. ಅಲ್ಲೊಂದು ಬಳ್ಳಿ ಇದೆ ರೀ, ಇಪ್ಪತ್ತು ಮರಗಳನ್ನ ಸೇರಿಸಿ ಹೊಲಿದುಬಿಟ್ಟಿದೆ. ಒಂದು ಗಂಟೂ ಕಾಣ್ಸಲ್ಲ. ನಾನು ಹುಡುಕಿದೆ!”

ಸಾಹೇಬರು ಕಣ್ಣು ಮುಚ್ಚಿಕೊಂಡಿದ್ದರು. ಪಕ್ಕದ ಬೆಂಚಿನವರು ಹತ್ತಿರ ಸರಿದರು. ಹೊಸ ಮದುಮಗಳು ಬಂದು ನೆಲದ ಮೇಲೇ ಕೂತಳು. ಬೇರೆ ಬೇರೆ ಮೂಲೆಗಳಲ್ಲಿ ಕುಣಿಯುತ್ತಿದ್ದ ನವಿಲುಗಳು ಒಂದೊಂದಾಗಿ ನಿಂತವು. ರುಜು ಗುಮಾಸ್ತ ಪೆನ್ನು ಎತ್ತಿದವನು ಎತ್ತಿದ ಹಾಗೇ ಇದ್ದ. ಆಕೆ ಮುಗಿಸಿದಾಗ ಅವನು ಬಹಳ ಮೆಲ್ಲಗೆ, “ಅಮ್ಮಾ, ಆ ಬಳ್ಳಿಗೆ ಹೂ ಇತ್ತಾ?” ಎಂದು ಕೇಳಿದ. ಇದು ಅವನ ಕರ್ತವ್ಯದ ವ್ಯಾಪ್ತಿಗೆ ಬರುವ ಪ್ರಶ್ನೆಯಲ್ಲ.

“ಇತ್ತು. ಬಿಳೀದು. ಅಂಗಿ ಗುಂಡಿಯಷ್ಟು” ಎಂದಳು ಆಕೆ.

ಉಳಿದದ್ದು ಕೊಲ್ಲಿ. ಮೂರನೆಯ ದಿನ ಬೆಳಿಗ್ಗೆ ಪರಸ್ಪರ ಒಪ್ಪಿಗೆಯ ಅರ್ಜಿಯನ್ನು ಮುಂದಿಟ್ಟುಕೊಂಡು ಗಂಡ ಹೆಂಡತಿ ಕೂತರು. “ನೀನು ಹೋಗು, ನೀನಾದ್ರೆ ಹೇಳ್ತೀಯ” ಎಂದು ಅವರು. “ನೀವು ಹೋಗಿ, ನಂದು ಕಣ್ಣು ತುಂಬಿದೆ” ಎಂದು ಆಕೆ, ಸುಳ್ಳೇ. ಅರ್ಧ ಗಂಟೆಯಾದರೂ ಒಪ್ಪಿಗೆಯಾಗಲಿಲ್ಲ. ಕಡೆಗೆ ಸಾಹೇಬರು ನಿಯಮಾವಳಿಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮೂವತ್ತಮೂರು ವರ್ಷ ಸರ್ಕಾರಿ ನೌಕರಿ ಮಾಡಿದವರು. ಓದಿ ಮುಗಿಸಿ ಪುಸ್ತಕ ಕಂಕುಳಿಗೆ ಸಿಕ್ಕಿಸಿ, “ನಡಿ” ಎಂದರು.

ಕೊಲ್ಲಿಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. “ಯಾರೋ ಒಬ್ರು ಮಾತ್ರ ಸಾರ್.”

“ನಿಯಮದಲ್ಲಿ ಒಬ್ರು ಅಂತ ಎಲ್ಲಿದೆ? ಒಂದು ದಾಂಪತ್ಯಕ್ಕೆ ಒಂದು ಜೊತೆ ಕಣ್ಣು ಅಂತ ಇದೆ. ನಾನು ಎಡಗಣ್ಣು ಮುಚ್ಕೋತೀನಿ. ಇವಳು ಬಲಗಣ್ಣು ಮುಚ್ಕೋತಾಳೆ. ಒಟ್ಟು ಎಷ್ಟಾಯ್ತು?”

ಕಾವಲಿನವನು ಇಬ್ಬರ ಮುಖ ನೋಡಿ ಬೆರಳು ಮಡಿಸಿದ. “ಎರಡು.”

“ಎಡ ಒಂದು, ಬಲ ಒಂದು. ಜೊತೆ ಆಯ್ತೋ ಇಲ್ವೋ?”

“ಆಯ್ತು” ಎಂದ ಕಾವಲಿನವನು. ಬೇರೆ ದಾರಿಯಿರಲಿಲ್ಲ. ಇಬ್ಬರೂ ಒಂದೊಂದು ಕಣ್ಣಿಗೆ ಕೈ ಮುಚ್ಚಿಕೊಂಡು, ಇನ್ನೊಂದು ಕೈ ಒಬ್ಬರದೊಬ್ಬರು ಹಿಡಿದುಕೊಂಡು, ಒಳಗೆ ಹೋದರು.

ಮರಗಳು ಮುಗಿದ ಕಡೆ ಕೊಲ್ಲಿ ಶುರುವಾಗುತ್ತಿತ್ತು. ಮೂರು ಕಡೆ ಹಸಿರು ಬೆಟ್ಟ, ನಡುವೆ ನೀರು. ದಡದಲ್ಲಿ ತಿಳಿಹಸಿರು, ಒಳಕ್ಕೆ ಹೋದ ಹಾಗೆ ನೀಲಿ, ಅಂಚಿನಲ್ಲಿ ಬಿಳಿ ನೊರೆ. ಆ ನೀಲಿ, ಆ ಬಿಳಿ ಕಂಡು ಯೂನಿಫಾರ್ಮಮ್ಮನಿಗೆ ನಗು ಬಂತು. ಇಷ್ಟು ವರ್ಷ ತಾನು ಕತ್ತರಿಸಿದ್ದು ಇದರದೇ ತುಂಡುಗಳನ್ನೇನೋ! ಯಾರ ಕೈ ಕಣ್ಣಿನಿಂದ ಮೊದಲು ಕೆಳಗಿಳಿಯಿತೆಂಬುದು ಮುಂದೆ ವಿಚಾರಣೆಯಲ್ಲೂ ಇತ್ಯರ್ಥವಾಗಲಿಲ್ಲ.

“ನೋಡಿದ್ಯಾ?” ಎಂದು ಸಾಹೇಬರು ಪಕ್ಕಕ್ಕೆ ತಿರುಗಿದರು.

“ನೋಡ್ತಾ ಇದೀನಿ” ಎಂದಳು.

ಹಾಗೆ ನಾಲ್ಕೂ ಕಣ್ಣುಗಳು ತೆರೆದಿದ್ದಾಗಲೇ ಬಂಡೆಯ ಆಚೆಯಿಂದ ಒಂದು ಚೆಂಡು ಉರುಳಿ ಬಂತು. ಚೆಂಡಿನ ಹಿಂದೆ ಪ್ರವಾಸ ಇಲಾಖೆಯ ನಿರ್ದೇಶಕರು ಬಂದರು, ಚಡ್ಡಿಯಲ್ಲಿ. ಅವರ ಹಿಂದೆ ಅವರ ಹೆಂಡತಿ, ನಾದಿನಿಯರು, ಮಕ್ಕಳು, ಬುಟ್ಟಿಗಳು, ಚಾಪೆಗಳು. ಅಲ್ಲಿ ವಾರದ ಸವಕಳಿ ತಪಾಸಣೆ ನಡೆಯುತ್ತಿತ್ತು. ತುಸು ದೂರದಲ್ಲಿ ಭಾವಮೈದುನ ನಿಂತು ಒಂದು ದಪ್ಪ ಪೈಪು ಜೋಡಿಸುವವರಿಗೆ ಸೂಚನೆ ಕೊಡುತ್ತಿದ್ದ. ಪೈಪು ಬೆಟ್ಟದ ಮೇಲಿನಿಂದ, ಜಲಪಾತದ ಕಡೆಯಿಂದ ಬಂದು, ಹೊಸ ಶೆಡ್ಡೊಂದರ ಒಳಗೆ ಹೋಗುತ್ತಿತ್ತು. ಶೆಡ್ಡಿನ ಮುಂದೆ ‘ಅಪ್ಪಟ ಜಲಪಾತ’ ಎಂದು ಚೀಟಿ ಅಂಟಿಸಿದ ಬಾಟಲಿಗಳು.

ನಿರ್ದೇಶಕರು ಚೆಂಡನ್ನು ಎತ್ತಿಕೊಂಡು, ದಂಪತಿಯ ಕಣ್ಣುಗಳನ್ನು ಎಣಿಸಿದರು.

ವಿಚಾರಣೆ ಅದೇ ಮಧ್ಯಾಹ್ನ ನಡೆಯಿತು. ನಿರ್ದೇಶಕರು ಈಗ ಪ್ಯಾಂಟು ಹಾಕಿಕೊಂಡಿದ್ದರು. ಆದೇಶವನ್ನು ಎದ್ದು ನಿಂತು ಓದಿದರು: “ಸದರಿ ದಂಪತಿಯು ಕೊಲ್ಲಿಯನ್ನು ಏಕಕಾಲಕ್ಕೆ ನಾಲ್ಕು ಕಣ್ಣುಗಳಿಂದ ನೋಡಿ ಜೋಡಿ ನೋಟದ ಅಪರಾಧ ಎಸಗಿರುವುದು ರುಜುವಾತಾಗಿರುತ್ತದೆ. ಆದುದರಿಂದ, ಹೆಚ್ಚುವರಿಯಾಗಿ ನೋಡಿದ್ದನ್ನು ಇಲಾಖೆಗೆ ಹಿಂದಿರುಗಿಸತಕ್ಕದ್ದು.”

“ನೋಡಿದ್ದನ್ನ ಹೇಗೆ ವಾಪಸ್ ಕೊಡೋದು ಸಾರ್?” ಎಂದಳು ಯೂನಿಫಾರ್ಮಮ್ಮ.

“ಕಾಣದವರ ಕೊಠಡಿಯಲ್ಲಿ, ನಲವತ್ತು ಜನರ ಮುಂದೆ, ಪೂರ್ತಿ ಖಾಲಿಯಾಗೋವರೆಗೂ ವಿವರಿಸೋದು. ಅದುವರೆಗೆ ಹಡಗು ಹತ್ತೋ ಹಾಗಿಲ್ಲ.”

ಆಕೆ ಹೆದರಿದಳು. ಕೊಲ್ಲಿಯನ್ನು ಹೇಳಿ ಮುಗಿಸಿದರೆ ತನ್ನ ಹತ್ತಿರ ಏನು ಉಳಿಯುತ್ತದೆ ಎಂದು ನಿಜವಾಗಿಯೂ ಹೆದರಿದಳು. ಆದರೆ ನಲವತ್ತು ಜನ ಬಾಯಿಬಿಟ್ಟುಕೊಂಡು ಕೂತಿರುವುದನ್ನು ಕಂಡರೆ ಯಾರ ನಾಲಿಗೆ ಸುಮ್ಮನಿರುತ್ತದೆ? ಆಕೆ ನೀರನ್ನು ಥಾನಿನಿಂದ ಬಿಚ್ಚಿದಳು, ಅಲೆಗೆ ನೆರಿಗೆ ಹಿಡಿದಳು, ದಡಕ್ಕೆ ಬಿಳಿಯ ಅಂಚು ಕೊಟ್ಟಳು. ನಡುನಡುವೆ ಸಾಹೇಬರು, “ದಡದ ಉದ್ದ ಒಂಬೈನೂರು ಹೆಜ್ಜೆ”, “ದೋಣಿ ಹನ್ನೊಂದು, ಒಂದು ಮಗುಚಿ ಹಾಕಿದ್ದು” ಎಂದು ಸೇರಿಸಿದರು. ಅಳತೆ ಸಿಕ್ಕಿದ ಕೂಡಲೇ ಕೇಳುವವರಿಗೆ ಕೊಲ್ಲಿ ಸರಿಯಾಗಿ ಮೈಮೇಲೆ ಕೂತಿತು. ಒಬ್ಬ ಅಜ್ಜಿ ಸೀರೆ ಒದ್ದೆಯಾಗುತ್ತದೆಂದು ಕಾಲು ಮೇಲೆಳೆದುಕೊಂಡಳು. ಮುಗಿದಾಗ ನಲವತ್ತು ಜನರೂ ಸಾಲಾಗಿ ರುಜು ಹಾಕಿದರು. ಅವರಲ್ಲಿ ಇಪ್ಪತ್ತೆರಡು ಜನ, ಕೊಲ್ಲಿ ನೋಡುವ ಸರದಿ ಇನ್ನೂ ಬಾಕಿಯಿದ್ದವರು, ತಮಗಿನ್ನು ಹೋಗುವ ಅಗತ್ಯ ಕಾಣುವುದಿಲ್ಲವೆಂದು ಚೀಟಿ ಹಿಂದಿರುಗಿಸಿದರು.

“ಇನ್ನೇನಾದ್ರೂ ಉಳಿದಿದ್ಯಾ ಅಮ್ಮಾ?” ಎಂದು ರುಜು ಗುಮಾಸ್ತ ನಿಯಮದ ಪ್ರಕಾರ ಕೇಳಿದ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. “ಇಲ್ಲ” ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಉಳಿಸಿಕೊಂಡದ್ದು ಏನೆಂದು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲದ ಕಾರಣ ಅದು ಇಂದಿಗೂ ಗೊತ್ತಾಗಿಲ್ಲ.

ಹಿಂದಿರುಗಿ ಬಂದ ಚೀಟಿಗಳ ಕಟ್ಟು ಸಂಜೆಯೊಳಗೆ ನಿರ್ದೇಶಕರ ಮೇಜಿಗೆ ತಲುಪಿತು. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಯೂನಿಫಾರ್ಮಮ್ಮನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿದರು. “ಅಮ್ಮಾ, ಜಲಪಾತವನ್ನೂ ಒಂದ್ಸಲ ಹೇಳಿಬಿಡಿ. ನಮ್ಮ ಗುಮಾಸ್ತ ಬರ್ಕೋತಾನೆ.”

“ಅದನ್ನ ನಾನು ನೋಡಿಲ್ಲ ಸಾರ್. ನೋಡದೆ ಹೇಗೆ ಹೇಳೋದು?”

“ನೋಡದಿದ್ರೆ ಇನ್ನೂ ಒಳ್ಳೇದು. ಸವಕಳಿಯೇ ಇಲ್ಲ. ನಮ್ಮ ವಾರ್ಷಿಕ ವರದಿಯನ್ನೂ ಹಾಗೇ ಬರೆಯೋದು.”

ಹೊಗಳಿಕೆ ಕೇಳಿ ಅವಳ ತಲೆ ತುಸು ತಿರುಗಿತ್ತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಗಂಡ ಕೊಟ್ಟ ಅಳತೆ ಹೇಗೂ ಇತ್ತು. ನೂರ ಎಪ್ಪತ್ತು ಅಡಿ ಮೇಲಿನಿಂದ ಬೆಳ್ಳಿ ಜರಿಯನ್ನು ಇಳಿಬಿಟ್ಟಳು, ಹನ್ನೆರಡು ಅಡಿ ಅಗಲಕ್ಕೆ ಏಳು ಎಳೆ ಮಾಡಿದಳು, ಎಳೆ ಎಳೆಗೂ ಕಾಮನಬಿಲ್ಲು ಕಟ್ಟಿದಳು. ಮರುದಿನ ಬೆಳಿಗ್ಗೆ ಗುಮಾಸ್ತ ಅದನ್ನು ಕೊಠಡಿಯಲ್ಲಿ ಗಟ್ಟಿಯಾಗಿ ಓದಿದ. ನಲವತ್ತು ಜನ ರುಜು ಹಾಕಿ ಚಪ್ಪಾಳೆ ತಟ್ಟುತ್ತಿರುವಾಗ ಹೊಸ ಮದುಮಗ ಎದ್ದು ನಿಂತ.

“ಕ್ಷಮಿಸಿ. ನಾನು ಮೊನ್ನೆ ನೋಡಿದ್ದೀನಲ್ಲ. ಏಳು ಎಳೆ ಇಲ್ಲ. ಒಂದೇ. ಕಾಮನಬಿಲ್ಲೂ ಇರ್ಲಿಲ್ಲ. ನಿನ್ನೆ ಆ ಕಡೆ ಹಾದು ಹೋದಾಗ ಶಬ್ದಾನೂ ಕಡಿಮೆ ಆಗಿತ್ತು.”

ಮದುಮಗಳು, “ಈಗ ಮಾತು ಬಂತಾ ನಿಮಗೆ?” ಎಂದಳು.

ಇಲಾಖೆ ದೂರನ್ನು ಕಡೆಗಣಿಸಲಿಲ್ಲ. ಜಲಪಾತವು ಅಧಿಕೃತ ವಿವರಣೆಗೆ ಅನುಗುಣವಾಗಿಲ್ಲವೆಂಬುದು ಸ್ಥಳ ಪರಿಶೀಲನೆಯಿಂದ ಖಚಿತವಾಯಿತು. ಆರು ಎಳೆಗಳು ಹಾಗೂ ಏಳು ಕಾಮನಬಿಲ್ಲುಗಳ ಕೊರತೆ ಕಂಡುಬಂತು. ಇಪ್ಪತ್ತನಾಲ್ಕು ಗಂಟೆಯೊಳಗೆ ಸಮಜಾಯಿಷಿ ನೀಡತಕ್ಕದ್ದೆಂದು ಜಲಪಾತದ ಪಕ್ಕದ ಬಂಡೆಗೆ ನೋಟೀಸು ಅಂಟಿಸಲಾಯಿತು. ನೀರು ಸಿಡಿದು ನೋಟೀಸು ಒದ್ದೆಯಾದದ್ದನ್ನು ಅವಿಧೇಯತೆ ಎಂದು ಪರಿಗಣಿಸಲಾಯಿತು.

ಯೂನಿಫಾರ್ಮಮ್ಮನಿಗೆ ಅನ್ನ ಇಳಿಯಲಿಲ್ಲ. ನೇರವಾಗಿ ನಿರ್ದೇಶಕರ ಕೋಣೆಗೆ ಹೋದಳು, ಹಿಂದೆ ಸಾಹೇಬರು. “ಸಾರ್, ತಪ್ಪು ನಂದು. ಕಾಮನಬಿಲ್ಲು ನಾನು ಸುಮ್ನೆ ಸೇರಿಸಿದ್ದು. ಅದರ ಪಾಡಿಗೆ ಅದು ಬೀಳ್ತಾ ಇದೆ, ಪಾಪ, ಬಿಟ್ಬಿಡಿ.”

“ನಿಮ್ಮ ವಿವರಣೆಗೆ ನಲವತ್ತು ಜನ ರುಜು ಹಾಕಿದ್ದಾರೆ. ಜಲಪಾತದ ಪರವಾಗಿ ಯಾರು ಹಾಕಿದ್ದಾರೆ?”

“ನಾನು ಹಾಕ್ತೀನಿ” ಎಂದರು ಸಾಹೇಬರು. “ನೂರ ಎಪ್ಪತ್ತು ಅಡಿ. ನಾನೇ ಮೂರು ಸಲ ನೋಡಿದ್ದೀನಿ.”

ನಿರ್ದೇಶಕರು ರಿಜಿಸ್ಟರು ತೆರೆಸಿದರು. ಸಾಹೇಬರ ಹೆಸರಿನ ಮುಂದೆ ‘ಅನುಭವ ಅಪೂರ್ಣ’ ಎಂದಿತ್ತು. ಸಾಕ್ಷಿ ಊರ್ಜಿತವಾಗಲಿಲ್ಲ.

ಐದನೆಯ ದಿನ ಜಲಪಾತವನ್ನು ನೋಡತಕ್ಕ ಸ್ಥಳಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಪಟ್ಟಿಯಲ್ಲಿಲ್ಲದ ನೀರು ವ್ಯರ್ಥವಾಗಿ ಬೀಳುತ್ತಿರುವುದು ಸರಿಯಲ್ಲವೆಂದು ಅದನ್ನು ಪೂರ್ತಿ ಭಾವಮೈದುನನ ಪೈಪಿಗೆ ಒಪ್ಪಿಸಲಾಯಿತು. ಕಾಡುಬೆಟ್ಟ ಮತ್ತು ಕೊಲ್ಲಿ ಮುಂದೆಂದಾದರೂ ವಿವರಣೆಗೆ ತಪ್ಪಿ ನಡೆಯದಂತೆ ಮುನ್ನೆಚ್ಚರಿಕೆಯಾಗಿ ಅವುಗಳಿಗೆ ಬೀಗ ಹಾಕಿ, ತಪಾಸಣೆಯ ಕುಟುಂಬಗಳಿಗೆ ಮಾತ್ರ ಬೀಗದ ಕೈ ಕೊಡಲಾಯಿತು. ಕೊಠಡಿಯ ಗೋಡೆ ಒಡೆದು ಇನ್ನೂರು ಜನ ಕೂರುವ ಹಾಗೆ ಹಿಗ್ಗಿಸುವ ಕೆಲಸ ಅದೇ ದಿನ ಶುರುವಾಯಿತು. ಗುಮಾಸ್ತನಿಗೆ ಹಿರಿಯ ವಿವರಣಾಧಿಕಾರಿ ಎಂದು ಬಡ್ತಿ ಸಿಕ್ಕಿತು. ಆ ಹುದ್ದೆಯನ್ನು ಮೊದಲು ಯೂನಿಫಾರ್ಮಮ್ಮನಿಗೇ ಕೊಡಬಂದಿದ್ದರು. ಶಾಲೆ ಶುರುವಾಗುವುದರೊಳಗೆ ನೂರಾ ಅರವತ್ತು ಚಡ್ಡಿ ಬಾಕಿಯಿವೆ ಎಂದು ಆಕೆ ಒಪ್ಪಲಿಲ್ಲ.

ದಕ್ಕೆಯ ತನಕ ಗುಮಾಸ್ತ ಬೀಳ್ಕೊಡಲು ಬಂದ. “ಅಮ್ಮಾ, ಒಂಬತ್ತು ವರ್ಷ ನೋಡ್ಲಿಲ್ವಲ್ಲ ಅಂತ ಒಳಗೊಳಗೇ ಇತ್ತು. ಈಗ ಸಮಾಧಾನ. ಇನ್ಮೇಲೆ ಯಾರೂ ನೋಡಲ್ಲ” ಎಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಆಕೆ ಅವನ ತೋಳಿನ ಬಳಿ ಬಿಚ್ಚಿಹೋಗಿದ್ದ ಹೊಲಿಗೆಗೆ ಅಲ್ಲೇ ನಿಂತು ನಾಲ್ಕು ಟಾಕು ಹಾಕಿ ಕೊಟ್ಟಳು.

ಹಡಗು ಬಿಟ್ಟ ಮೇಲೆ ಧ್ವನಿವರ್ಧಕ ಗರಗರ ಎಂದಿತು. “ಪ್ರಯಾಣಿಕರ ಗಮನಕ್ಕೆ. ಹಡಗು ದೂರ ಸಾಗಿದಂತೆ ದ್ವೀಪವು ಇಡಿಯಾಗಿ, ಯಾವುದೇ ತಡೆಯಿಲ್ಲದೆ ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಪ್ರಯಾಣಿಕರು ದಯವಿಟ್ಟು ಮುಂದಕ್ಕೆ ಮುಖ ಮಾಡಿ ಸಹಕರಿಸಬೇಕು. ಹಿಂದೆ ನೋಡಲು ಒಬ್ಬ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು.”

ಹಡಗಿನಲ್ಲಿ ಇಲಾಖೆಯವರು ಒಬ್ಬರೂ ಇರಲಿಲ್ಲ. ತಡೆಯುವವರಿರಲಿಲ್ಲ, ಎಣಿಸುವವರಿರಲಿಲ್ಲ. ಆದರೂ ಎಲ್ಲರೂ ಬೆಂಚುಗಳನ್ನು ಮುಂದಕ್ಕೆ ತಿರುಗಿಸಿಕೊಂಡು ಕೂತರು. “ಅಮ್ಮಾ, ನೀವೇ ನೋಡಿ ಹೇಳಿ” ಎಂದು ಹತ್ತಾರು ದನಿ.

“ನಂದು ಆಯ್ತಪ್ಪಾ, ಇನ್ನು ಇಲ್ಲದ್ದೆಲ್ಲ ಸೇರಿಸ್ತೀನಿ. ರೀ, ನೀವು ಹೋಗಿ” ಎಂದಳು ಯೂನಿಫಾರ್ಮಮ್ಮ.

ಸಾಹೇಬರು ಎದ್ದು ಹಡಗಿನ ಹಿಂಬದಿಗೆ ಹೋಗಿ ಕಂಬಿ ಹಿಡಿದು ನಿಂತರು.

“ಏನ್ ಕಾಣ್ತಿದೆ ಸಾರ್?” ಎಂದು ಮದುಮಗ ಮುಂದಕ್ಕೆ ಮುಖ ಮಾಡಿಕೊಂಡೇ ಕೂಗಿದ.

“ಹಸಿರು.”

“ಎಷ್ಟು?”

“ಈಗ ಎರಡು ಮೊಳ.” ಎಂಜಿನ್ನಿನ ಸದ್ದು. ನೀರಿನ ಸದ್ದು. “ಈಗ ಒಂದು ಗೇಣು.”

ಯಾರೋ ನಿಟ್ಟುಸಿರು ಬಿಟ್ಟರು. ಮದುಮಗಳು ಗಂಡನ ಭುಜಕ್ಕೆ ತಲೆಯಿಟ್ಟಳು. ಯೂನಿಫಾರ್ಮಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತನ್ನ ಕುತ್ತಿಗೆ ತಿರುಗಿಸಿದರೆ ಸಾಕು, ಅದು ಅಲ್ಲೇ ಇದೆ, ಇದುವರೆಗೆ ಹಾಗೆ ಮಾಡಬೇಕೆಂದು ತನಗೂ ಅನಿಸಲಿಲ್ಲವಲ್ಲ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಸಾಹೇಬರ ದನಿ ಕೇಳಿತು.

“ಒಂದು ಬೆರಳು. ಉಗುರು. ಆಯ್ತು. ಇನ್ನಿಲ್ಲ.”

ಅವರು ಬಂದು ಪಕ್ಕದಲ್ಲಿ ಕೂತರು. ಜನ ಬುಟ್ಟಿಗಳನ್ನು ಬಿಚ್ಚಿದರು, ‘ಅಪ್ಪಟ ಜಲಪಾತ’ದ ಬಾಟಲಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಇಡೀ ಪ್ರವಾಸದಲ್ಲಿ ದ್ವೀಪವನ್ನು ಇಷ್ಟು ಸ್ಪಷ್ಟವಾಗಿ ತಾವು ನೋಡಿಯೇ ಇರಲಿಲ್ಲವೆಂದು ಎಲ್ಲರೂ ಒಪ್ಪಿಕೊಂಡರು.